ಒಂದು ಮೀಟರ್, ಎರಡು ಮಹಡಿ: ಮೇನ್ ಲೈನ್ ಕವಲೊಡೆಯುವ ಕಡೆ ಯಾವ ಕನೆಕ್ಟರ್ ಹಾಕಬೇಕು?

ಮನೆ ಮೇಲೊಂದು ಮಹಡಿ ಎಬ್ಬಿಸಿ ಬಾಡಿಗೆಗೆ ಕೊಡುವುದು ನಮ್ಮ ಊರುಗಳಲ್ಲಿ ಹೊಸದೇನಲ್ಲ. ಟೈಲ್ಸ್ ಯಾವುದು, ನಲ್ಲಿ ಯಾವ ಕಂಪನಿಯದ್ದು ಎಂದು ನಾಲ್ಕು ಅಂಗಡಿ ಸುತ್ತುತ್ತೇವೆ. ಕರೆಂಟಿನ ವಿಷಯ ಬಂದಾಗ ಮಾತ್ರ "ಕೆಳಗಿನ ಲೈನಿಂದಲೇ ಒಂದು ಎಳೆದುಬಿಡಿ" ಎಂದು ಮುಗಿಸುತ್ತೇವೆ. ಮೊದಲು ಮೇಲಿನ ಮನೆಯಲ್ಲಿ ಎರಡು ಫ್ಯಾನು, ನಾಲ್ಕು ಟ್ಯೂಬ್‌ಲೈಟ್ ಇರುತ್ತಿದ್ದವು. ಆಗ ಅದು ಹೇಗೋ ನಡೆಯುತ್ತಿತ್ತು. ಈಗ ಗೀಸರ್, ಇಂಡಕ್ಷನ್ ಒಲೆ, ಎಸಿ, ಕೆಲವು ಕಡೆ ಸ್ಕೂಟರ್ ಅಥವಾ ಕಾರಿನ ಚಾರ್ಜರ್ ಕೂಡ ಇವೆ. ಅಷ್ಟೂ ಕರೆಂಟು ಹಾದುಹೋಗುವುದು ಲೈನ್ ಕವಲೊಡೆಯುವ ಆ ಒಂದು ಜಾಯಿಂಟಿನ ಮೂಲಕವೇ.

ಆ ಜಾಯಿಂಟಿನಲ್ಲಿ ಏನು ನಡೆಯುತ್ತದೆ, ಅಂಗಡಿಯಲ್ಲಿ ಸಿಗುವ ಹತ್ತು ಬಗೆಯ ಕನೆಕ್ಟರುಗಳಲ್ಲಿ ಯಾವುದು ಎಲ್ಲಿಗೆ ಸರಿ ಎಂದು ನೋಡೋಣ. ಮೊದಲೇ ಒಂದು ಮಾತು. ಈ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಮಾಡಬೇಕು. ಅವರು ಏನು ಹಾಕುತ್ತಿದ್ದಾರೆ, ಯಾಕೆ ಹಾಕುತ್ತಿದ್ದಾರೆ ಎಂದು ನಿಮಗೆ ಗೊತ್ತಿರಲಿ ಅಂತ ಈ ಬರಹ.

ಕವಲು ಎಲ್ಲಿ ಒಡೆಯಬಹುದು?

ಕಂಬದಿಂದ ಸರ್ವಿಸ್ ವೈರ್ ಬರುತ್ತದೆ. ಅದು ಮೀಟರಿಗೆ ಹೋಗುತ್ತದೆ. ಮೀಟರ್ ದಾಟಿದ ಮೇಲೆ ಮನೆಯ ಮೇನ್ ಸ್ವಿಚ್, ಆಮೇಲೆ ಡಿಬಿ, ಅಂದರೆ ಎಂಸಿಬಿಗಳೆಲ್ಲ (ಕರೆಂಟು ಮಿತಿ ಮೀರಿದರೆ ತಾವಾಗಿ ಬೀಳುವ ಸ್ವಿಚ್ಚುಗಳು) ಸಾಲಾಗಿ ಕೂತಿರುವ ಡಿಸ್ಟ್ರಿಬ್ಯೂಷನ್ ಬಾಕ್ಸ್. ಅಲ್ಲಿಂದ ಕೋಣೆ ಕೋಣೆಗೆ ವೈರು.

ಮೀಟರಿನವರೆಗಿನ ಭಾಗ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂನಂಥ ಕಂಪನಿಯ ಹೊಣೆ. ಅಲ್ಲಿರುವ ಸೀಲು ಒಡೆಯುವ ಹಾಗಿಲ್ಲ. ಮೀಟರಿಗೆ ಕೈಹಾಕುವುದು 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಅಪರಾಧ. ಮೀಟರಿಗಿಂತ ಮುಂಚೆಯೇ ಕವಲು ತೆಗೆದರೆ ಅದು ಕರೆಂಟ್ ಕಳ್ಳತನ. ಹಾಗಾಗಿ ನಾವು ಮಾತಾಡುತ್ತಿರುವುದು ಮೀಟರ್ ದಾಟಿದ ನಂತರದ ಕವಲಿನ ಬಗ್ಗೆ ಮಾತ್ರ.

ಇನ್ನೊಂದು ಗೊಂದಲವೂ ಇದೆ. ಕವಲು ಒಡೆದು ಮೇಲಿನ ಮನೆಗೆ ಸಬ್‌ಮೀಟರ್ ಹಾಕಿದರೆ ಬಾಡಿಗೆದಾರರು ಸುಟ್ಟ ಯೂನಿಟ್ ಎಷ್ಟು ಅಂತ ಗೊತ್ತಾಗುತ್ತದೆ, ಅಷ್ಟೇ. ಅದು ಹೊಸ ಆರ್‌ಆರ್ ನಂಬರ್ ಆಗುವುದಿಲ್ಲ. 2023ರಲ್ಲಿ ಶುರುವಾದ ಗೃಹಜ್ಯೋತಿಯ ಲೆಕ್ಕ ಕಂಪನಿಯ ಮೀಟರಿನ ಮೇಲೆ ನಡೆಯುತ್ತದೆ. ಎರಡೂ ಮನೆಗೆ ಸೇರಿ ಒಂದೇ ಮೀಟರ್ ಇದ್ದರೆ ಒಟ್ಟು ಯೂನಿಟ್ ಬೇಗ 200 ದಾಟುತ್ತದೆ. ಮೇಲಿನದು ನಿಜವಾಗಿಯೂ ಬೇರೆ ಮನೆಯಾದರೆ ಬೇರೆ ಸಂಪರ್ಕಕ್ಕೆ ಅರ್ಜಿ ಹಾಕುವುದೇ ಸರಿ. ಆಗ ಕವಲಿನ ಪ್ರಶ್ನೆಯೇ ಏಳುವುದಿಲ್ಲ.

ಜಾಯಿಂಟ್ ಯಾಕೆ ಬಿಸಿಯಾಗುತ್ತದೆ?

ಇದು ಅರ್ಥವಾದರೆ ಮುಂದಿನದೆಲ್ಲ ಸುಲಭ.

ಎರಡು ವೈರುಗಳು ಒಂದಕ್ಕೊಂದು ತಾಗಿಕೊಂಡಾಗ ಅವು ಪೂರ್ತಿ ತಾಗಿರುವುದಿಲ್ಲ. ಕಣ್ಣಿಗೆ ನುಣುಪಾಗಿ ಕಂಡರೂ ತಾಮ್ರದ ಮೈ ಒರಟು. ಅಲ್ಲಲ್ಲಿ ಕೆಲವು ಚುಕ್ಕೆಗಳಲ್ಲಿ ಮಾತ್ರ ಲೋಹಕ್ಕೆ ಲೋಹ ಒತ್ತಿರುತ್ತದೆ. ಗಟ್ಟಿಯಾಗಿ ಒತ್ತಿದಷ್ಟೂ ಚುಕ್ಕೆಗಳು ಜಾಸ್ತಿ, ಕರೆಂಟಿಗೆ ದಾರಿ ಸಲೀಸು. ಒತ್ತಡ ಸಡಿಲವಾದರೆ ಚುಕ್ಕೆಗಳು ಕಡಿಮೆಯಾಗುತ್ತವೆ, ತಡೆ ಹೆಚ್ಚುತ್ತದೆ. ಈ ತಡೆಯನ್ನು ಓಮ್‌ನಲ್ಲಿ ಅಳೆಯುತ್ತಾರೆ.

ಜಾಯಿಂಟಿನಲ್ಲಿ ಹುಟ್ಟುವ ಶಾಖದ ಲೆಕ್ಕ ಹೀಗೆ: ಕರೆಂಟನ್ನು ಅದರಿಂದಲೇ ಗುಣಿಸಿ, ಆಮೇಲೆ ತಡೆಯಿಂದ ಗುಣಿಸಬೇಕು. ಒಳ್ಳೆಯ ಜಾಯಿಂಟಿನ ತಡೆ ಒಂದು ಓಮ್‌ನ ಸಾವಿರದ ಒಂದು ಭಾಗ ಎಂದಿಟ್ಟುಕೊಳ್ಳಿ. 30 ಆಂಪ್ ಹರಿದರೆ ಅಲ್ಲಿ ಹುಟ್ಟುವುದು 0.9 ವ್ಯಾಟ್ ಶಾಖ. ಕೈಗೆ ಅಷ್ಟಾಗಿ ಗೊತ್ತೇ ಆಗದು. ಅದೇ ಜಾಯಿಂಟ್ ಸಡಿಲವಾಗಿ ತಡೆ 0.05 ಓಮ್‌ಗೆ ಏರಿದರೆ ಶಾಖ 45 ವ್ಯಾಟ್. ರೇಡಿಯೊ ರಿಪೇರಿಯವರು ಸೀಸ ಕರಗಿಸುವ ಸೋಲ್ಡರಿಂಗ್ ಐರನ್ ಸಾಮಾನ್ಯವಾಗಿ 25 ವ್ಯಾಟಿನದ್ದು. ಅಂಥ ಎರಡನ್ನು ಹೆಬ್ಬೆರಳು ಗಾತ್ರದ ಪ್ಲಾಸ್ಟಿಕ್ಕಿನೊಳಗೆ ಇಟ್ಟು ಮುಚ್ಚಳ ಹಾಕಿದ ಹಾಗೆ.

ಬಿಸಿಯಾದ ತಾಮ್ರ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ದಿನಕ್ಕೆರಡು ಸಲ ಗೀಸರ್ ಹಾಕಿದರೆ ದಿನಕ್ಕೆರಡು ಸಲ ಈ ಹಿಗ್ಗು ಕುಗ್ಗು. ಇದರಿಂದ ಸ್ಕ್ರೂ ಇನ್ನಷ್ಟು ಸಡಿಲ, ತಾಮ್ರದ ಮೇಲೆ ಕಿಲುಬು, ತಡೆ ಇನ್ನೂ ಜಾಸ್ತಿ. ಒಮ್ಮೆ ಶುರುವಾದ ಮೇಲೆ ತಾನಾಗಿ ಸರಿಹೋಗುವ ರೋಗ ಇದಲ್ಲ.

"ಎಂಸಿಬಿ ಇದೆಯಲ್ಲ, ಟ್ರಿಪ್ ಆಗಲ್ವಾ?" ಎಂದು ಕೇಳಬಹುದು. ಆಗುವುದಿಲ್ಲ. ಮೇಲಿನ ಕೆಟ್ಟ ಜಾಯಿಂಟಿನಲ್ಲಿ ಕಳೆದುಹೋಗುವುದು 230 ವೋಲ್ಟಿನಲ್ಲಿ ಬರೀ ಒಂದೂವರೆ ವೋಲ್ಟ್. ಕರೆಂಟು 30 ಆಂಪಿನ ಆಸುಪಾಸಿನಲ್ಲೇ ಇರುತ್ತದೆ. ಎಂಸಿಬಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆರ್‌ಸಿಸಿಬಿಯೂ ಸುಮ್ನೆ ಇರುತ್ತದೆ. ಹೋದ ಕರೆಂಟಿನಷ್ಟೇ ವಾಪಸ್ ಬರುತ್ತಿದೆಯೇ ಎಂದು ನೋಡುವುದಷ್ಟೇ ಅದರ ಕೆಲಸ, ಇಲ್ಲಿ ಸೋರಿಕೆ ಏನೂ ಇಲ್ಲ. ಅಂದರೆ ಸಡಿಲ ಜಾಯಿಂಟನ್ನು ಕಾಯುವವರು ಸಾಮಾನ್ಯ ಡಿಬಿಯಲ್ಲಿ ಯಾರೂ ಇಲ್ಲ. ಕನೆಕ್ಟರನ್ನು ಯೋಚಿಸಿ ಆರಿಸಬೇಕಾದದ್ದು ಈ ಕಾರಣಕ್ಕೇ.

ಮೊದಲು ಲೋಡ್ ಎಷ್ಟು ನೋಡಿ

ಆಂಪ್ ಲೆಕ್ಕ ಸುಲಭ. ವ್ಯಾಟನ್ನು 230ರಿಂದ ಭಾಗಿಸಿ. 2,000 ವ್ಯಾಟಿನ ಗೀಸರ್ ಸುಮಾರು 8.7 ಆಂಪ್ ಎಳೆಯುತ್ತದೆ. ಅಷ್ಟೇ ವ್ಯಾಟಿನ ಇಂಡಕ್ಷನ್ ಒಲೆಯೂ ಅಷ್ಟೇ. ಇದಕ್ಕೆ 1,500 ವ್ಯಾಟ್ ಎಳೆಯುವ ಎಸಿ ಸೇರಿದರೆ ಒಂದು ಮಹಡಿಗೇ 24 ಆಂಪ್. ಕಾರಿಗೆ 3.3 ಕಿಲೋವ್ಯಾಟಿನ ಚಾರ್ಜರ್ ಹಾಕಿದರೆ ಇನ್ನೊಂದು 14 ಆಂಪ್ ಸೇರಿಸಿಕೊಳ್ಳಿ. ಎಲ್ಲವೂ ಒಟ್ಟಿಗೆ ಓಡುವುದು ಅಪರೂಪ ಎಂಬುದು ನಿಜ. ಆದರೆ ಬೆಳಿಗ್ಗೆ ಏಳು ಗಂಟೆಗೆ ಎರಡೂ ಮನೆಯ ಗೀಸರ್, ಒಲೆ ಒಟ್ಟಿಗೆ ಓಡುವುದು ಅಪರೂಪವಲ್ಲ.

ಕನೆಕ್ಟರಿನ ಆಂಪ್ ಅದರ ಹಿಂದಿರುವ ಎಂಸಿಬಿಯ ಆಂಪಿಗಿಂತ ಕಡಿಮೆ ಇರಲೇಬಾರದು. 32 ಆಂಪಿನ ಎಂಸಿಬಿ 33 ಆಂಪಿಗೆ ತಟ್ಟನೆ ಬೀಳುತ್ತದೆ ಎಂದು ಹಲವರು ತಿಳಿದಿದ್ದಾರೆ. ಮನೆಯ ಎಂಸಿಬಿಗಳ ಮಾನದಂಡದ ಪ್ರಕಾರ, ಬರೆದಿರುವ ಆಂಪಿನ 1.13 ಪಟ್ಟು ಹರಿದರೂ ಅದು ಒಂದು ಗಂಟೆ ಬೀಳಬಾರದು. 1.45 ಪಟ್ಟು ಹರಿದರೆ ಒಂದು ಗಂಟೆಯೊಳಗೆ ಬೀಳಬೇಕು. ಅಂದರೆ 32ರ ಎಂಸಿಬಿಯ ಮೂಲಕ 46 ಆಂಪ್ ಕೂಡ ಬಹಳ ಹೊತ್ತು ಹರಿಯಬಹುದು. 15 ಆಂಪಿನ ಕನೆಕ್ಟರ್ ಅಲ್ಲಿದ್ದರೆ ಏನಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಇನ್ನು ವೈರಿನ ದಪ್ಪ. ಲೈಟಿಗೆ ಒಂದೂವರೆ ಸ್ಕ್ವೇರ್, ಪ್ಲಗ್ಗಿಗೆ ಎರಡೂವರೆ, ಗೀಸರ್ ಮತ್ತು ಎಸಿಗೆ 4, ಮೇನಿಗೆ 6 ಅಥವಾ 10 ಸ್ಕ್ವೇರ್ ಎಂಎಂ ಹಾಕುವುದು ರೂಢಿ. ಮೇನಿನ ದಪ್ಪ ವೈರಿನಿಂದ ಸಣ್ಣ ವೈರ್ ಕವಲೊಡೆದರೆ ಆ ಸಣ್ಣ ವೈರಿಗೆ ತಕ್ಕ ಎಂಸಿಬಿ ಕವಲಿನ ಬುಡದಲ್ಲೇ ಇರಬೇಕು. 63 ಆಂಪಿನ ಮೇನ್ ಎಂಸಿಬಿಯ ಕೆಳಗೆ 4 ಸ್ಕ್ವೇರಿನ ವೈರನ್ನು ನೇರವಾಗಿ ಕಟ್ಟಿ ಮೇಲಿನ ಮನೆಗೆ ಒಯ್ದರೆ, ಎಂಸಿಬಿ ಬೀಳುವ ಮೊದಲೇ ವೈರು ಸುಡುತ್ತದೆ. ಕನೆಕ್ಟರ್ ಎಷ್ಟು ದುಬಾರಿಯದಾದರೂ ಈ ತಪ್ಪನ್ನು ಮುಚ್ಚಲಾರದು.

ಅಂಗಡಿಯಲ್ಲಿ ಏನೇನು ಸಿಗುತ್ತದೆ?

ಎಲ್ಲಕ್ಕಿಂತ ಹಳೆಯದು ಕನೆಕ್ಟರೇ ಅಲ್ಲ: ಎರಡು ವೈರಿನ ತುದಿ ಸುಲಿದು, ಹೊಸೆದು, ಮೇಲೆ ಇನ್ಸುಲೇಷನ್ ಟೇಪ್ ಸುತ್ತುವುದು. ನಮ್ಮ ಮನೆಗಳ ಗೋಡೆಯೊಳಗೆ ಇಂಥವು ಲೆಕ್ಕವಿಲ್ಲದಷ್ಟಿವೆ. ಇದರಲ್ಲಿ ಒತ್ತಡ ಕೊಡುವ ವಸ್ತು ಯಾವುದೂ ಇಲ್ಲ. ಹೊಸೆದ ಬಿಗಿ ಎಷ್ಟೋ ಅಷ್ಟೇ. ಟೇಪಿನ ಅಂಟು ಬಿಸಿಗೆ ಕರಗಿ ಜಾರುತ್ತದೆ. ಮೇನ್ ಲೈನಿಗಂತೂ ಇದು ಬೇಡವೇ ಬೇಡ.

ಆಮೇಲೆ ಬಿಳಿ ಅಥವಾ ಕಪ್ಪು ಪ್ಲಾಸ್ಟಿಕ್ಕಿನ ಪಟ್ಟಿ ಕನೆಕ್ಟರ್. ಬೇಕಾದಷ್ಟು ಕತ್ತರಿಸಿಕೊಳ್ಳಬಹುದು. ಒಳಗೆ ಹಿತ್ತಾಳೆಯ ಕೊಳವೆ, ಮೇಲೆ ಎರಡು ಸ್ಕ್ರೂ. ಫ್ಯಾನು, ಟ್ಯೂಬ್‌ಲೈಟಿಗೆ ಸಾಕು. ದಪ್ಪ ವೈರಿಗೂ ದೊಡ್ಡ ಸೈಜು ಸಿಗುತ್ತದೆ, ಆದರೆ ತೊಂದರೆ ಸ್ಕ್ರೂವಿನಲ್ಲಿದೆ. ನಮ್ಮ ಮನೆಯ ವೈರುಗಳು ಹೆಚ್ಚಾಗಿ ಸಣ್ಣ ಎಳೆಗಳ ಕಟ್ಟು. ಸ್ಕ್ರೂವಿನ ತುದಿ ನೇರವಾಗಿ ಎಳೆಗಳ ಮೇಲೆ ತಿರುಗಿದಾಗ ಕೆಲವು ಕತ್ತರಿಸಿಹೋಗುತ್ತವೆ, ಕೆಲವು ಪಕ್ಕಕ್ಕೆ ಜಾರುತ್ತವೆ. ಅಗ್ಗದ ಮಾಲಿನಲ್ಲಿ ಕೊಳವೆ ಹಿತ್ತಾಳೆಯದ್ದೇ ಆಗಿರುವುದಿಲ್ಲ, ಬಣ್ಣ ಹಚ್ಚಿದ ಕಬ್ಬಿಣ. ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಚಿಕ್ಕ ಅಯಸ್ಕಾಂತ ಇಟ್ಟುಕೊಳ್ಳಿ. ಕೊಳವೆ ಅಂಟಿದರೆ ಅದು ಹಿತ್ತಾಳೆಯಲ್ಲ.

ಪಿಂಗಾಣಿ ಕನೆಕ್ಟರ್ ಗೀಸರ್ ಪಾಯಿಂಟಿನ ಹಿಂದೆ ಕಾಣುತ್ತದೆ. ಪಿಂಗಾಣಿ ಕರಗುವುದಿಲ್ಲ, ಬೆಂಕಿ ಹತ್ತುವುದಿಲ್ಲ. ಹಾಗಾಗಿ "ಇದು ಗಟ್ಟಿ" ಎಂಬ ಹೆಸರಿದೆ. ಒಳಗಿನ ಸ್ಕ್ರೂ ಮಾತ್ರ ಅದೇ ಹಳೆಯ ಸ್ಕ್ರೂ. ಸಡಿಲವಾದರೆ ಪಿಂಗಾಣಿ ಉಳಿಯುತ್ತದೆ, ಅದಕ್ಕೆ ಸೇರಿದ ವೈರಿನ ಪಿವಿಸಿ ಸುಡುತ್ತದೆ. ಗೀಸರಿಗೆ ಪರವಾಗಿಲ್ಲ. ಮೇನ್ ಕವಲಿಗೆ ಇದಕ್ಕಿಂತ ಒಳ್ಳೆಯವು ಇವೆ.

ಈಚೆಗೆ ಹೆಸರಾಗಿರುವುದು ಲಿವರ್ ಕನೆಕ್ಟರ್. ಪಾರದರ್ಶಕ ಪ್ಲಾಸ್ಟಿಕ್ಕು, ಮೇಲೆ ಕಿತ್ತಳೆ ಬಣ್ಣದ ಪುಟ್ಟ ಹಿಡಿ. ಹಿಡಿ ಎತ್ತಿ, ವೈರ್ ತೂರಿಸಿ, ಒತ್ತಿದರೆ ಮುಗಿಯಿತು. ಜರ್ಮನಿಯ ವಾಗೋ ಕಂಪನಿಯ 221 ಸರಣಿ ಈ ಬಗೆಯಲ್ಲಿ ಹೆಚ್ಚು ಹೆಸರುವಾಸಿ. ಇದರ ಜಾಣತನ ಒಳಗಿನ ಸ್ಪ್ರಿಂಗಿನಲ್ಲಿದೆ. ತಾಮ್ರ ಹಿಗ್ಗಿ ಕುಗ್ಗಿದರೂ ಸ್ಪ್ರಿಂಗು ಒತ್ತುತ್ತಲೇ ಇರುತ್ತದೆ. ಸ್ಕ್ರೂ ಹಾಗಲ್ಲ, ತಿರುಗಿಸಿದಲ್ಲಿಗೆ ನಿಂತುಬಿಡುತ್ತದೆ. ಎಳೆ ಎಳೆಯಾದ ವೈರಿಗೂ ಇದು ಆಗುತ್ತದೆ. ವೈರ್ ಎಲ್ಲಿಯವರೆಗೆ ಹೋಗಿದೆ ಎಂದು ಹೊರಗಿನಿಂದಲೇ ಕಾಣುತ್ತದೆ.

ಆದರೆ ಇದಕ್ಕೂ ಮಿತಿ ಇದೆ. 221ರಲ್ಲಿ ಸಾಮಾನ್ಯವಾಗಿ ಸಿಗುವ ಸೈಜು 4 ಸ್ಕ್ವೇರ್ ಎಂಎಂವರೆಗಿನದು, 32 ಆಂಪಿನದು. ದೊಡ್ಡದು 6 ಸ್ಕ್ವೇರ್, 41 ಆಂಪ್. 10 ಸ್ಕ್ವೇರಿನ ಮೇನ್ ವೈರ್ ಅದರೊಳಗೆ ಹೋಗುವುದೇ ಇಲ್ಲ. ಹೋಗಲೆಂದು ನಾಲ್ಕು ಎಳೆ ಕತ್ತರಿಸಿ ತೆಳ್ಳಗೆ ಮಾಡುವವರಿದ್ದಾರೆ. ಎದುರಿಗೇ ಹಾಗೆ ಮಾಡಿದರೆ ಕೆಲಸ ನಿಲ್ಲಿಸಿ. ಮೂರು ಕಿಂಡಿಯ ಕನೆಕ್ಟರಿನಲ್ಲಿ ಒಂದರಿಂದ ಬಂದು ಎರಡಕ್ಕೆ ಹಂಚಿದರೆ, ಬರುವ ಕಿಂಡಿಯಲ್ಲಿ ಎರಡೂ ಕವಲಿನ ಒಟ್ಟು ಕರೆಂಟು ಹರಿಯುತ್ತದೆ ಎನ್ನುವುದೂ ನೆನಪಿರಲಿ. 32 ಆಂಪ್ ಎಂದರೆ ಆ ಒಟ್ಟಿಗೆ 32. ನಕಲಿ ಮಾಲೂ ಬರುತ್ತದೆ. ನೋಡಲು ಒಂದೇ ಥರ, ಸ್ಪ್ರಿಂಗು ಮಾತ್ರ ಬೇರೆ.

ಹಿಡಿ ಇಲ್ಲದೆ ಸುಮ್ನೆ ಚುಚ್ಚುವ ಪುಶ್ ಕನೆಕ್ಟರುಗಳೂ ಇವೆ. ಅವು ಮುಖ್ಯವಾಗಿ ಒಂದೇ ಗಟ್ಟಿ ಎಳೆಯ ವೈರಿಗಾಗಿ ಮಾಡಿದವು. ನಮ್ಮ ಮೆದು ವೈರು ಅದರೊಳಗೆ ಮಡಚಿಕೊಳ್ಳುತ್ತದೆ.

ದಪ್ಪ ವೈರಿಗೆ ತಕ್ಕವು ಎರಡು. ಒಂದು, ಲಗ್ ಹಾಕಿ ಕ್ರಿಂಪ್ ಮಾಡುವುದು. ವೈರಿನ ತುದಿಗೆ ತಾಮ್ರದ ಟೊಪ್ಪಿಗೆ ತೊಡಿಸಿ, ಆ ಸೈಜಿನದ್ದೇ ಕ್ರಿಂಪಿಂಗ್ ಟೂಲಿನಿಂದ ಒತ್ತುತ್ತಾರೆ. ಎಳೆಗಳೆಲ್ಲ ಒಂದೇ ಮುದ್ದೆಯಾಗುತ್ತವೆ. ಕಟಿಂಗ್ ಪ್ಲೇಯರಿನಿಂದ ಜಜ್ಜಿದರೆ ಅದು ಕ್ರಿಂಪ್ ಅಲ್ಲ. ಎಳೆಗಳಿಗೆ ಸೀಸ ಹಚ್ಚಿ ಸ್ಕ್ರೂ ಕೆಳಗೆ ಕೂರಿಸುವುದೂ ತಪ್ಪು. ಸೀಸ ಮೆದು, ಒತ್ತಡಕ್ಕೆ ತಿಂಗಳು ಕಳೆದಂತೆ ಹರಡಿಕೊಂಡು ಸ್ಕ್ರೂ ಸಡಿಲವಾಗುತ್ತದೆ.

ಎರಡನೆಯದು ಡಿಸ್ಟ್ರಿಬ್ಯೂಷನ್ ಬ್ಲಾಕ್. ಮುಚ್ಚಳವಿರುವ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಹಿತ್ತಾಳೆ ಅಥವಾ ತಾಮ್ರದ ದಿಮ್ಮಿ. ಒಂದು ಕಡೆ ದೊಡ್ಡ ತೂತು, ಇನ್ನೊಂದು ಕಡೆ ಹಲವು ಸಣ್ಣ ತೂತುಗಳು. ಪ್ರತಿ ವೈರಿಗೂ ಅದರದೇ ತೂತು, ಅದರದೇ ಸ್ಕ್ರೂ. 80, 125 ಆಂಪಿನವು ಸಿಗುತ್ತವೆ, ಡಿಬಿಯ ಪಟ್ಟಿಯ ಮೇಲೆಯೇ ಕೂರುತ್ತವೆ. ಮೇನ್ ಕವಲಿಗೆಂದೇ ಮಾಡಿದ ಸಾಮಾನು ಎಂದರೆ ಇದು. ಬ್ರಿಟನ್ನಿನಲ್ಲಿ ಮೀಟರ್ ದಾಟಿದ ಮೇಲೆ ಇದೇ ಕೆಲಸಕ್ಕೆ ಹಾಕುವ ಪೆಟ್ಟಿಗೆಗೆ ಹೆನ್ಲಿ ಬ್ಲಾಕ್ ಎನ್ನುತ್ತಾರೆ. ಅಲ್ಲಿರುವ ಕನ್ನಡಿಗರಿಗೆ ಆ ಹೆಸರು ಕಿವಿಗೆ ಬಿದ್ದಿರಬಹುದು.

ಕನೆಕ್ಟರೇ ಬೇಡದ ದಾರಿ

ಮೇಲಿನ ಮನೆಯ ಲೈನನ್ನು ಕೆಳಗಿನ ಡಿಬಿಯಿಂದಲೇ, ಅದಕ್ಕೊಂದು ಬೇರೆ ಎಂಸಿಬಿ ಕೊಟ್ಟು ತೆಗೆದರೆ ನಡುದಾರಿಯಲ್ಲಿ ಜಾಯಿಂಟೇ ಇರುವುದಿಲ್ಲ. ಡಿಬಿಯೊಳಗಿನ ತಾಮ್ರದ ಬಸ್‌ಬಾರ್ ಎಲ್ಲ ಎಂಸಿಬಿಗೂ ಕರೆಂಟ್ ಹಂಚುತ್ತದೆ. ಅದೇ ನಿಮ್ಮ ಕವಲು. ಮೇಲೆ ಇನ್ನೊಂದು ಚಿಕ್ಕ ಡಿಬಿ ಇಟ್ಟರೆ ಮೇಲಿನವರು ತಮ್ಮ ಮನೆಯ ಟ್ರಿಪ್ಪನ್ನು ತಾವೇ ಎತ್ತಿಕೊಳ್ಳುತ್ತಾರೆ, ನಿಮ್ಮ ಬಾಗಿಲು ಬಡಿಯುವುದಿಲ್ಲ. ನನ್ನ ಪ್ರಕಾರ ಹತ್ತರಲ್ಲಿ ಒಂಬತ್ತು ಮನೆಗೆ ಇದೇ ಸರಿ.

ಇಲ್ಲೂ ಒಂದು ಅಡ್ಡದಾರಿ ಇದೆ. ಡಿಬಿಯಲ್ಲಿ ಜಾಗವಿಲ್ಲವೆಂದು ಒಂದೇ ಎಂಸಿಬಿಯ ಬಾಯಿಗೆ ಎರಡು ವೈರ್ ತುರುಕುತ್ತಾರೆ. ಒಂದು 6 ಸ್ಕ್ವೇರ್, ಒಂದು ಎರಡೂವರೆ. ಸ್ಕ್ರೂ ದಪ್ಪ ವೈರಿಗೆ ಒತ್ತಿ ನಿಲ್ಲುತ್ತದೆ, ಸಣ್ಣದು ಸಡಿಲವಾಗಿ ಉಳಿಯುತ್ತದೆ. ಎಳೆದು ನೋಡಿದರೆ ಕೈಗೇ ಬರುತ್ತದೆ.

ನ್ಯೂಟ್ರಲ್ಲನ್ನು ಮರೆಯಬೇಡಿ

ಫೇಸ್ ವೈರಿನ ಜಾಯಿಂಟಿಗೆ ತೋರಿಸುವ ಮುತುವರ್ಜಿಯನ್ನು ಕರೆಂಟು ವಾಪಸಾಗುವ ಕಪ್ಪು ನ್ಯೂಟ್ರಲ್ ವೈರಿಗೆ ಯಾರೂ ತೋರಿಸುವುದಿಲ್ಲ. "ಅದರಲ್ಲಿ ಶಾಕ್ ಹೊಡೆಯಲ್ಲ" ಎಂಬ ಭಾವನೆ. ಸಿಂಗಲ್ ಫೇಸ್ ಮನೆಯಲ್ಲಿ ಫೇಸಿನಲ್ಲಿ ಎಷ್ಟು ಕರೆಂಟೋ ನ್ಯೂಟ್ರಲ್ಲಿನಲ್ಲೂ ಅಷ್ಟೇ. ಶಾಖವೂ ಅಷ್ಟೇ.

ತ್ರೀ ಫೇಸ್ ಮನೆಯಲ್ಲಿ ಅಪಾಯ ಬೇರೆ ಥರದ್ದು. ಕೆಳಗಿನ ಮನೆಗೆ ಒಂದು ಫೇಸ್, ಮೇಲಿನದಕ್ಕೆ ಇನ್ನೊಂದು, ಎರಡಕ್ಕೂ ಸೇರಿ ಒಂದೇ ನ್ಯೂಟ್ರಲ್ ಎಂದುಕೊಳ್ಳಿ. ಎರಡು ಫೇಸುಗಳ ನಡುವೆ 400 ವೋಲ್ಟ್ ಇರುತ್ತದೆ. ಆ ಒಂದು ನ್ಯೂಟ್ರಲ್ ಜಾಯಿಂಟ್ ಕಳಚಿದರೆ ಎರಡೂ ಮನೆಯ ಸಾಮಾನುಗಳು ಒಂದರ ಹಿಂದೆ ಒಂದು ಸೇರಿ ಆ 400 ವೋಲ್ಟನ್ನು ಹಂಚಿಕೊಳ್ಳುತ್ತವೆ. ಹಂಚಿಕೆ ಸಮವಲ್ಲ. ಕೆಳಗೆ 2,000 ವ್ಯಾಟಿನ ಗೀಸರ್, ಮೇಲೆ 200 ವ್ಯಾಟಿನಷ್ಟು ಟಿವಿ ಮತ್ತು ಲೈಟು ಇದ್ದರೆ, ಲೆಕ್ಕದ ಪ್ರಕಾರ ಗೀಸರಿಗೆ ಸಿಗುವುದು 36 ವೋಲ್ಟ್. ಮಿಕ್ಕ 364 ವೋಲ್ಟ್ ಮೇಲಿನ ಟಿವಿಯ ಮೇಲೆ. ಒಂದೇ ಸಲಕ್ಕೆ ಮನೆಯ ಟಿವಿ, ಫ್ರಿಜ್, ಚಾರ್ಜರ್ ಎಲ್ಲ ಸುಟ್ಟುಹೋದ ಕಥೆಗಳ ಹಿಂದೆ ಹಲವು ಸಲ ಇರುವುದು ಇದೇ. ಅದಕ್ಕೇ ತ್ರೀ ಫೇಸಿನ ನ್ಯೂಟ್ರಲ್ ಕವಲಿಗೆ ಸುತ್ತಿದ ಜಾಯಿಂಟು, ಪಟ್ಟಿ ಕನೆಕ್ಟರು ಸಲ್ಲದು. ಅದು ನ್ಯೂಟ್ರಲ್ ಬಾರ್ ಅಥವಾ ಬ್ಲಾಕಿನಲ್ಲೇ ಕೂರಬೇಕು.

ಇನ್ನೊಂದು ವಿಷಯ. ಎರಡೂ ಮನೆಗೆ ಬೇರೆ ಬೇರೆ ಆರ್‌ಸಿಸಿಬಿ ಇದ್ದರೆ, ಅವುಗಳ ಆಚೆಗೆ ನ್ಯೂಟ್ರಲ್ಲುಗಳು ಎಲ್ಲೂ ಸೇರಬಾರದು. ಸೇರಿದರೆ ಒಂದು ಆರ್‌ಸಿಸಿಬಿಯಿಂದ ಹೋದ ಕರೆಂಟು ಇನ್ನೊಂದರ ಮೂಲಕ ವಾಪಸಾಗುತ್ತದೆ. ಮನೆಗಳಲ್ಲಿ ಹಾಕುವ ಆರ್‌ಸಿಸಿಬಿಗೆ 30 ಮಿಲಿಆಂಪಿನ ವ್ಯತ್ಯಾಸ ಸಾಕು, ಕಾರಣ ಗೊತ್ತಾಗದೆ ಬೀಳುತ್ತಲೇ ಇರುತ್ತದೆ. ಕೊನೆಗೆ ಬೇಸತ್ತು ಆರ್‌ಸಿಸಿಬಿಯನ್ನೇ ತೆಗೆಸಿಬಿಡುತ್ತಾರೆ. ಜೀವ ಉಳಿಸುವ ಸಾಮಾನು ಹೋಗಿ ತಪ್ಪು ಜಾಯಿಂಟ್ ಹಾಗೇ ಉಳಿಯುತ್ತದೆ.

ಹಸಿರು ಅರ್ತ್ ವೈರಿಗೂ ಅದರದೇ ಬಾರ್ ಇರಬೇಕು. ಅದನ್ನು ಸ್ವಿಚ್ಚಿನ ಮೂಲಕ ಒಯ್ಯಬಾರದು, ನ್ಯೂಟ್ರಲ್ಲಿನ ಜೊತೆ ಕಟ್ಟಲೂಬಾರದು.

ಅಲ್ಯುಮಿನಿಯಂ ಇದ್ದರೆ

ತೋಟದ ಮನೆಗೆ, ಪಂಪ್‌ಹೌಸಿಗೆ ದೂರದಿಂದ ಎಳೆದ ಕೇಬಲ್ ಅಲ್ಯುಮಿನಿಯಂ ಆಗಿರುವುದು ಸಾಮಾನ್ಯ. ತಾಮ್ರಕ್ಕೆ ಅದನ್ನು ನೇರವಾಗಿ ಸುತ್ತಿದರೆ ಮೂರು ತೊಂದರೆ ಒಟ್ಟಿಗೆ ಬರುತ್ತವೆ. ಅಲ್ಯುಮಿನಿಯಂ ಗಾಳಿ ತಾಗಿದ ಕೂಡಲೇ ಕರೆಂಟ್ ಬಿಡದ ತೆಳು ಪೊರೆ ಕಟ್ಟಿಕೊಳ್ಳುತ್ತದೆ. ಬಿಸಿಗೆ ತಾಮ್ರಕ್ಕಿಂತ ಜಾಸ್ತಿ ಹಿಗ್ಗುತ್ತದೆ. ತೇವ ಸೇರಿದರೆ ಎರಡು ಲೋಹಗಳು ತಾಗಿದ ಕಡೆ ಅಲ್ಯುಮಿನಿಯಂ ಸವೆಯುತ್ತದೆ. ಅಮೆರಿಕದಲ್ಲಿ 1960ರ ದಶಕದ ನಡುವಿನಿಂದ ಕೆಲವು ವರ್ಷ ಮನೆಗಳಿಗೆ ಅಲ್ಯುಮಿನಿಯಂ ವೈರಿಂಗ್ ಮಾಡಿದರು. 1972ಕ್ಕಿಂತ ಹಿಂದಿನ ಅಂಥ ಮನೆಗಳ ಜಾಯಿಂಟುಗಳು ಬೆಂಕಿಯ ಅಪಾಯದ ಮಟ್ಟಕ್ಕೆ ಬಿಸಿಯಾಗುವ ಸಂಭವ ತಾಮ್ರದ ಮನೆಗಳಿಗಿಂತ 55 ಪಟ್ಟು ಹೆಚ್ಚು ಎಂದು ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗ ಹೇಳುತ್ತದೆ. ಇದಕ್ಕೆ ಬೈಮೆಟಲ್ ಲಗ್ ಎಂದು ಕೇಳಿ. ಒಂದು ತುದಿ ಅಲ್ಯುಮಿನಿಯಂ, ಇನ್ನೊಂದು ತುದಿ ತಾಮ್ರ.

ಕೆಲಸ ನಡೆಯುವ ದಿನ

ಮೇನ್ ಆಫ್ ಮಾಡಿದರೂ ಮನೆಯ ಯುಪಿಎಸ್ ವೈರಿಗೆ ಕರೆಂಟ್ ಕೊಡುತ್ತಲೇ ಇರುತ್ತದೆ. ಸೋಲಾರ್ ಪ್ಯಾನೆಲ್ಲಿಗೆ ಬ್ಯಾಟರಿ ಇದ್ದರೆ ಅದೂ ಹಾಗೇ. ಎರಡನ್ನೂ ಆಫ್ ಮಾಡಿದ್ದೀರಿ ಎಂದು ಎಲೆಕ್ಟ್ರಿಷಿಯನ್ನಿಗೆ ಬಾಯಿಬಿಟ್ಟು ಹೇಳಿ.

ಪ್ರತಿ ವೈರನ್ನೂ ಬಿಗಿದ ಮೇಲೆ ಕೈಯಲ್ಲಿ ಎಳೆದು ನೋಡಲಿ. ಹೊರಗೆ ತಾಮ್ರ ಇಣುಕಬಾರದು, ವೈರಿನ ಪಿವಿಸಿ ಸ್ಕ್ರೂ ಕೆಳಗೆ ಸಿಕ್ಕಿಕೊಳ್ಳಲೂಬಾರದು. ಒಳ್ಳೆಯ ಕಂಪನಿಯ ಎಂಸಿಬಿ, ಬ್ಲಾಕುಗಳ ಮೇಲೆ ಅಥವಾ ಜೊತೆಗಿನ ಚೀಟಿಯಲ್ಲಿ ಎಷ್ಟು ಬಿಗಿಯಬೇಕು, ಎಷ್ಟು ಉದ್ದ ಸುಲಿಯಬೇಕು ಎಂದು ಬರೆದಿರುತ್ತದೆ. ಓದುವವರು ಕಡಿಮೆ, ನೀವು ಓದಿ. ಜಾಯಿಂಟ್ ಯಾವತ್ತೂ ಮುಚ್ಚಳ ತೆಗೆಯಬಹುದಾದ ಬಾಕ್ಸಿನೊಳಗಿರಲಿ. ಗಾರೆಯೊಳಗೆ ಹೂತರೆ ಮುಂದೆ ಹುಡುಕಲು ಗೋಡೆಯನ್ನೇ ಒಡೆಯಬೇಕು. ಮಳೆ ಬೀಳುವ ಕಡೆ ಇದ್ದರೆ ನೀರು ಹೋಗದ ಬಾಕ್ಸೇ ಬೇಕು. ಲಿವರ್ ಕನೆಕ್ಟರಿಗೂ ಮಳೆಯನ್ನು ತಡೆಯುವ ಶಕ್ತಿ ಇಲ್ಲ.

ಎಲ್ಲ ಮುಗಿದ ಮೇಲೆ ಎರಡೂ ಮನೆಯ ಗೀಸರ್, ಎಸಿ, ಒಲೆ ಹಾಕಿ ಅರ್ಧ ಗಂಟೆ ಓಡಿಸಿ. ಬಾಕ್ಸಿನ ಮುಚ್ಚಳ ತೆಗೆಯದೆ ಹೊರಗಿನಿಂದ ಕೈ ಹಿಂಬದಿ ತಾಗಿಸಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಲೋಡ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ನಿಗೆ ದುಡ್ಡು ಕೊಟ್ಟು ಕಳಿಸುವ ಮೊದಲೇ ಬಿಚ್ಚಿಸಿ ನೋಡಿ. ಮುಂದೆ ಯಾವಾಗಲಾದರೂ ಲೈಟು ಮಿಣುಕಿದರೆ, ಡಿಬಿಯ ಹತ್ತಿರ ಹಸಿ ಮೀನಿನಂಥ ಅಥವಾ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂದರೆ, ಚಿಟಿಚಿಟಿ ಸದ್ದು ಕೇಳಿದರೆ ಮೊದಲು ಮೇನ್ ಆಫ್ ಮಾಡಿ, ಆಮೇಲೆ ಫೋನ್ ಮಾಡಿ.